ಬಾಣ ಎತ್ತ, ಗಾಡಿ ಅತ್ತ

"ನೀನು ಚಿಂತೆ ಬಿಡು. ನಿನ್ನ ಪರೀಕ್ಷೆ ನಡೆಯೋ ರಸ್ತೇನೇ ಸುರುಳಿ ಸುತ್ತಿ ತಂದು ಈ ಮೇಜಿನ ಮೇಲೆ ಹಾಸಿಬಿಡ್ತೀನಿ!"

ಹೀಗೆಂದು ಘೋಷಿಸಿದವರು ಲೇಬಲ್ ರಾಯರು. ಕೇಳಿಸಿಕೊಂಡವರು ಇಬ್ಬರು. ತಲೆಯ ಮೇಲೆ ಕೈಹೊತ್ತು ಸೋಫಾದಲ್ಲಿ ಕುಸಿದಿದ್ದ ಅವರ ಶ್ರೀಮತಿಯವರು, ಮತ್ತು ಪಕ್ಕದಲ್ಲಿ ಕೂತು ಸೊಸೆಯ ಬೆನ್ನು ಸವರುತ್ತಿದ್ದ ರಾಯರ ಅಮ್ಮ. ಶ್ರೀಮತಿಯವರು ಅಂದು ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾಗಿ ಬಂದಿದ್ದರು.

ಮೊದಲನೇ ಸಲ ನಡೆದದ್ದು ಇಷ್ಟು. ಪರೀಕ್ಷಕರು "ಇಂಡಿಕೇಟರ್ ಹಾಕಿ" ಅಂದರು. ಶ್ರೀಮತಿಯವರು ವೈಪರ್ ಹಾಕಿದರು. ಸುಡು ಬಿಸಿಲಿನಲ್ಲಿ ವೈಪರ್ ಕಿರ್ರೋ ಎಂದು ಅಳುತ್ತಾ ಗಾಜು ಒರೆಸುತ್ತಿದ್ದರೂ ಅದನ್ನು ನಿಲ್ಲಿಸುವುದು ಹೇಗೆಂದು ಅವರಿಗೆ ಹೊಳೆಯಲಿಲ್ಲ. ಎರಡನೇ ಸಲ ಇಂಡಿಕೇಟರ್ ಸರಿಯಾಗಿಯೇ ಹಾಕಿದರು. ಆದರೆ ರಸ್ತೆಯ ಕೊನೆಯಲ್ಲಿ ಎದುರಿಗೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ, ಅದರ ಮೇಲೆ ಒಂದು ಬಾಣದ ಬೋರ್ಡು. ಆ ಬಾಣದ ಮುಂದೆ ಗಾಡಿ ನಿಲ್ಲಿಸಿದವರು ನಿಲ್ಲಿಸಿಯೇ ಬಿಟ್ಟರು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದು ಹೊಡೆದು ಸುಸ್ತಾದವು.

"ಬಾಣ ಎತ್ತ ಇದೆಯೋ ಗಾಡಿ ಅತ್ತ. ಇದರಲ್ಲಿ ಯೋಚಿಸೋದು ಏನಿದೆ?" ಎಂದು ರಾಯರು ನಕ್ಕಿದ್ದರು.

"ಪಕ್ಕದಲ್ಲಿ ಒಬ್ಬರು ಪ್ಯಾಡ್ ಹಿಡ್ಕೊಂಡು, ಮುಖ ಗಂಟು ಹಾಕ್ಕೊಂಡು ಕೂತಿರ್ತಾರಲ್ಲ, ಆಗ ಗೊತ್ತಾಗುತ್ತೆ" ಎಂದು ಶ್ರೀಮತಿಯವರು ಮುಖ ತಿರುಗಿಸಿದ್ದರು.

ಆಕೆಗೆ ನಗು ಬರದಿದ್ದುದಕ್ಕೆ ಕಾರಣವಿತ್ತು. ಆಕೆ ಫಿಸಿಯೋಥೆರಪಿಸ್ಟ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಕೈಕಾಲು ಆಡಿಸಿ, ವ್ಯಾಯಾಮ ಮಾಡಿಸಿ, ಮತ್ತೆ ಎದ್ದು ನಡೆಯುವಂತೆ ಮಾಡುವ ಕೆಲಸ. ಅದೆಂದರೆ ಆಕೆಗೆ ಪ್ರಾಣ. ಇಷ್ಟು ದಿನ ರಾಯರೇ ಗಾಡಿಯಲ್ಲಿ ಕರೆದೊಯ್ದು, ರೋಗಿಗಳ ಮನೆಯ ಹೊರಗೆ ಆಕಳಿಸುತ್ತಾ ಕಾಯುತ್ತಿದ್ದರು. ರಾಯರಿಗೆ ಪ್ರೆಸ್ಸಿನಲ್ಲಿ ತಡವಾದರೆ ರೋಗಿಗೂ ತಡ. ಕ್ಲಿನಿಕ್ಕಿನ ಡಾಕ್ಟರಮ್ಮ ಕೊನೆಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ತಿಂಗಳ ಕೊನೆಯೊಳಗೆ ಲೈಸೆನ್ಸ್ ಬರದಿದ್ದರೆ ಮನೆಮನೆಗೆ ಹೋಗುವ ಕೆಲಸ ಬೇರೆಯವರಿಗೆ.

"ಮೂರನೇ ಮಹಡಿ ಅಜ್ಜಿ ಈಗ ತಾನೇ ಎರಡು ಹೆಜ್ಜೆ ಇಡೋಕೆ ಶುರು ಮಾಡಿದಾರೆ ಅತ್ತೆ" ಎಂದರು ಶ್ರೀಮತಿಯವರು. "ಬೇರೆ ಯಾರೋ ಹೋದ್ರೆ ಆ ಅಜ್ಜಿ ಮತ್ತೆ ಮಲಗಿಬಿಡ್ತಾರೆ."

"ನಿನ್ನ ಬಿಟ್ಟು ಬೇರೆ ಯಾರೂ ಹೋಗಲ್ಲ ಕಣಮ್ಮ" ಎಂದರು ಅಮ್ಮ. ಆಮೇಲೆ ಮಗನ ಕಡೆ ತಿರುಗಿ, "ಏನೋ ಅದು, ರಸ್ತೆ ಹಾಸ್ತೀನಿ ಅಂದ್ಯಲ್ಲ? ಹಾಸು ನೋಡೋಣ!" ಎಂದರು.

ರಾಯರು ಬರಿಮಾತಿನ ಗಂಡಸಲ್ಲ. ಮನೆಯ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದಿತ್ತು. ಸ್ಟೇರಿಂಗೂ ಇತ್ತು, ಕಾಲಿಗೆ ಪೆಡಲೂ ಇತ್ತು. ಶ್ರೀಮತಿಯವರು ಅದರಲ್ಲಿ ಅಭ್ಯಾಸವನ್ನೂ ಮಾಡಿದ್ದರು. ತೊಂದರೆ ಏನೆಂದರೆ, ಆಟದಲ್ಲಿದ್ದದ್ದು ಗಾಜಿನ ಗೋಪುರಗಳ ಯಾವುದೋ ಮಾಯಾನಗರಿ. ಅಲ್ಲಿ ಓಡಿಸಿ ಕಲಿತವರು ಪರೀಕ್ಷೆಯ ರಸ್ತೆಗೆ ಬಂದ ಕೂಡಲೇ ಕಂಗಾಲಾಗುತ್ತಿದ್ದರು. ಆದರೆ ಆ ಆಟದಲ್ಲಿ ನಮಗೆ ಬೇಕಾದ ಚಿತ್ರಗಳನ್ನು ಹಾಕಿಕೊಳ್ಳುವ ಸೌಕರ್ಯವಿದೆ ಎಂದು ರಾಯರು ಎಲ್ಲೋ ಓದಿದ್ದರು.

"ಆಟದಲ್ಲಿರೋ ಗೋಡೆ, ರಸ್ತೆ, ಮನೆ ಎಲ್ಲಾ ಒಳಗೆ ಖಾಲಿ ಡಬ್ಬ ಅಮ್ಮ. ಅದರ ಮೇಲೆ ಒಂದು ಚಿತ್ರ ಸುತ್ತಿರ್ತಾರೆ, ಅಷ್ಟೇ. ಅದಕ್ಕೆ ಟೆಕ್ಸ್ಚರ್ ಅಂತಾರೆ."

"ಅಂದ್ರೆ ಲೇಬಲ್ಲು" ಎಂದರು ಅಮ್ಮ.

"ಅಂದ್ರೆ ಲೇಬಲ್ಲು!" ರಾಯರು ಎದೆ ಸೆಟೆಸಿದರು. "ಶಾಂಪೂ ಬಾಟಲಿಗೆ ಸುತ್ತೋನಿಗೆ ಊರಿಗೆ ಸುತ್ತೋದು ಏನು ಮಹಾ?"

ಇಲ್ಲಿ ರಾಯರ ವೃತ್ತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಪೊಟ್ಟಣ, ಬಾಟಲಿಗಳ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಚಿತ್ರಗಳನ್ನು ಸಿದ್ಧಪಡಿಸುವ ಹಿರಿಯ ತಲೆ. ಅವರ ಪ್ರೆಸ್ಸಿನಲ್ಲಿ ಹೆಚ್ಚಿನ ಕೆಲಸ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ. ಹೊರಮೈಗೆ ಅಚ್ಚು ಹಾಕಿದರೆ ಬಣ್ಣ ಉಜ್ಜಿ ಹೋಗುತ್ತದೆ. ಆದ್ದರಿಂದ ಒಳಮೈಗೆ ಹಾಕುತ್ತಾರೆ. ಹೊರಗಿನಿಂದ ನೋಡಿದವರಿಗೆ ನೆಟ್ಟಗೆ ಕಾಣಬೇಕಾದರೆ ಒಳಗೆ ಎಡಬಲ ಉಲ್ಟಾ ಮಾಡಿ ಅಚ್ಚು ಹಾಕಬೇಕು. ಹೀಗೆ ವರ್ಷಗಟ್ಟಲೆ ಉಲ್ಟಾ ಅಕ್ಷರಗಳನ್ನೇ ಓದಿ ತಿದ್ದಿ, ಉಲ್ಟಾ ಯಾವುದು ನೆಟ್ಟಗಿರುವುದು ಯಾವುದು ಎಂಬ ಭೇದಭಾವವೇ ರಾಯರಲ್ಲಿ ಅಳಿದುಹೋಗಿತ್ತು. ಋಷಿಮುನಿಗಳಿಗೂ ದುರ್ಲಭವಾದ ಸ್ಥಿತಿ! ಕ್ಷೌರದಂಗಡಿಯಲ್ಲಿ ಕೂತರೆ ಕನ್ನಡಿಯೊಳಗಿನ ಕ್ಯಾಲೆಂಡರನ್ನು ಗಡಗಡನೆ ಓದಿ ಕ್ಷೌರಿಕನನ್ನು ದಂಗುಬಡಿಸುತ್ತಿದ್ದರು. ಇದು ವಿದ್ಯೆ ಎಂದು ರಾಯರ ಅಭಿಪ್ರಾಯ. ರೋಗ ಎಂದು ಶ್ರೀಮತಿಯವರದು.

ಮರುದಿನ ಬೆಳಿಗ್ಗೆ ರಾಯರು ಫೋನು ಹಿಡಿದು ಪರೀಕ್ಷೆಯ ರಸ್ತೆಗೆ ದಂಡಯಾತ್ರೆ ಹೊರಟರು. ರಸ್ತೆಯ ಡಾಂಬರು, ಪಕ್ಕದ ಅಂಗಡಿಗಳು, ಕರೆಂಟು ಕಂಬ, ಎಲ್ಲದರ ಫೋಟೋ ತೆಗೆದರು. ಉದ್ದನೆಯ ಕಾಂಪೌಂಡ್ ಗೋಡೆಯ ಹತ್ತಿರ ಬಂದಾಗ ಒಂದು ವಿಘ್ನ ಎದುರಾಯಿತು. ಗೋಡೆಗೆ ಬೆನ್ನು ಮಾಡಿ ಒಬ್ಬ ಮನುಷ್ಯ ಕಪ್ಪು ಛತ್ರಿ ಬಿಚ್ಚಿ ಹಿಡಿದು ನಿಂತಿದ್ದರು. ಮುಖ ನೋಡಿದರೆ ಇಡೀ ಜಗತ್ತು ಅವರಿಗೆ ಏನೋ ಸುಳ್ಳು ಹೇಳಿದಂತಿತ್ತು.

"ಸ್ವಲ್ಪ ಆ ಕಡೆ ಸರೀತೀರಾ? ಗೋಡೆ ಫೋಟೋ ಬೇಕಿತ್ತು" ಎಂದರು ರಾಯರು.

"ಗೋಡೆ ಫೋಟೋ?"

"ಹೌದು. ಮನೆಗೆ."

"ನಿಮ್ಮ ಮನೇಲಿ ಗೋಡೆ ಇಲ್ವಾ?"

ಛತ್ರಿಯ ಮನುಷ್ಯ ಕದಲಲಿಲ್ಲ, ಕಣ್ಣನ್ನೂ ಮಿಟುಕಿಸಲಿಲ್ಲ. ರಾಯರು ಆ ಮನುಷ್ಯನ ಸಮೇತ ಗೋಡೆಯನ್ನು ಕ್ಲಿಕ್ಕಿಸಿ, ಗಡಿಬಿಡಿಯಲ್ಲಿ ಬಾಣದ ಬೋರ್ಡಿನತ್ತಲೂ ಒಮ್ಮೆ ಫೋನು ಎತ್ತಿ, ಅದು ಎತ್ತ ತೋರಿಸುತ್ತಿದೆ ಎಂದು ನೋಡುವ ಗೋಜಿಗೂ ಹೋಗದೆ ಅಲ್ಲಿಂದ ಕಾಲ್ಕಿತ್ತರು.

ಸಂಜೆ ಮನೆಯಲ್ಲಿ ಮಹಾಕಾರ್ಯ ಆರಂಭವಾಯಿತು. ರಾಯರು ಫೋಟೋಗಳನ್ನು ಹಾಗೆಯೇ ಎತ್ತಿ ಆಟದ ಫೋಲ್ಡರಿಗೆ ಹಾಕಿ ಆಟ ತೆರೆದರು. ಗೋಡೆ, ರಸ್ತೆ, ಅಂಗಡಿ, ಎಲ್ಲವೂ ಗಾಢ ಗುಲಾಬಿ! ತನಗೆ ಅರ್ಥವಾಗದ ಚಿತ್ರ ಕೊಟ್ಟರೆ ಈ ಆಟ ಸಿಟ್ಟಿಗೆದ್ದು ಎಲ್ಲದಕ್ಕೂ ಗುಲಾಬಿ ಬಳಿದುಬಿಡುತ್ತದೆ.

"ಚೆನ್ನಾಗಿದೆ ಕಣೋ" ಎಂದರು ಅಮ್ಮ. "ಹೀಗೇ ಇರಲಿ ಬಿಡು. ಕಣ್ಣಿಗೆ ತಂಪು."

"ಅಮ್ಮಾ, ಸುಮ್ನಿರಮ್ಮ. ಇದಕ್ಕೆ ಚಿತ್ರ ಚೌಕವಾಗಿರಬೇಕು, ಅದರದೇ ನಮೂನೆಯ ಫೈಲ್ ಆಗಿರಬೇಕು. ಬದಲಾಯಿಸೋ ಸಾಫ್ಟ್‌ವೇರ್ ನನ್ನ ಹತ್ರಾನೇ ಇದೆ. ಪ್ರೆಸ್ಸಲ್ಲಿ ದಿನವಿಡೀ ಅದರಲ್ಲೇ ಮುಳುಗಿರ್ತೀನಿ!"

ಹೌದು, ಅದೇ ಸಾಫ್ಟ್‌ವೇರ್ ಮನೆಯ ಕಂಪ್ಯೂಟರಿನಲ್ಲೂ ಇತ್ತು. ಪ್ರೆಸ್ಸಿನ ಕೆಲಸವನ್ನು ಮನೆಗೆ ತರುತ್ತಿದ್ದುದರಿಂದ ಪ್ರೆಸ್ಸಿನ ಸೆಟ್ಟಿಂಗುಗಳೂ ಅದರಲ್ಲಿ ಹಾಗೆಯೇ ಕೂತಿದ್ದವು. ರಾಯರು ಎಲ್ಲ ಫೋಟೋಗಳನ್ನೂ ಒಟ್ಟಿಗೆ ಅದರ ಬಾಯಿಗೆ ಸುರಿದು ಗುಂಡಿ ಒತ್ತಿದರು. ಅದು ಅಗಲದ ಗೋಡೆಯನ್ನು ಹಿಂಡಿ ಚೌಕ ಮಾಡಿ, ಆಟಕ್ಕೆ ಅರ್ಥವಾಗುವ ಫೈಲಾಗಿ ಬದಲಾಯಿಸಿ ಉಗುಳಿತು. ಮತ್ತೆ ಆಟ ತೆರೆದರೆ ಗುಲಾಬಿ ಮಾಯ. ಆದರೆ ಇಡೀ ಬೀದಿ ತಲೆಕೆಳಗಾಗಿತ್ತು! ಅಂಗಡಿಗಳ ಬಾಗಿಲು ಮೇಲೆ, ಚಾವಣಿ ಕೆಳಗೆ. ಛತ್ರಿಯ ಮನುಷ್ಯ ಬಾವಲಿಯ ಹಾಗೆ ನೇತಾಡುತ್ತಿದ್ದರು.

"ಅಯ್ಯೋ ಪಾಪ, ಯಾರೋ ಅವರು? ಇಳಿಸೋ ಅವರನ್ನ!" ಅಮ್ಮ ಕೂಗಿದರು.

"ಈ ಆಟ ಚಿತ್ರಾನ ಕೆಳಗಿಂದ ಮೇಲಕ್ಕೆ ಓದುತ್ತೆ, ಅಷ್ಟೇ" ಎಂದು ರಾಯರು ಪಾಂಡಿತ್ಯದಿಂದ ನುಡಿದು, ಸಾಫ್ಟ್‌ವೇರಿನಲ್ಲಿ 'ಮೇಲೆ-ಕೆಳಗೆ ತಿರುಗಿಸು' ಎಂಬ ಚೌಕಕ್ಕೆ ಟಿಕ್ ಹಾಕಿದರು. ಅದರ ಪಕ್ಕದಲ್ಲೇ 'ಎಡ-ಬಲ ತಿರುಗಿಸು' ಎಂಬ ಚೌಕದಲ್ಲಿ ಟಿಕ್ ಆಗಲೇ ಕೂತಿತ್ತು. ಪ್ರೆಸ್ಸಿನ ಟಿಕ್ಕು! ರಾಯರ ಕಣ್ಣಿಗೆ ಅದು ಬಿದ್ದಿತು. ಬಿದ್ದರೂ ದಿನಾ ನೋಡುವ ತಮ್ಮ ಮೂಗಿನಷ್ಟೇ ಸಹಜವಾಗಿ ಕಂಡಿತು. ತೆಗೆಯಬೇಕೆಂದು ಹೊಳೆಯಲೇ ಇಲ್ಲ.

ಮೂರನೇ ಸಲ ಬೀದಿ ತಲೆ ಮೇಲೆ, ಕಾಲು ಕೆಳಗೆ ಮಾಡಿ ಮರ್ಯಾದೆಯಾಗಿ ನಿಂತಿತು. ರಾಯರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. "ಬಾರೇ, ಬಾ! ನೋಡು ನಿನ್ನ ರಸ್ತೆ!"

ಶ್ರೀಮತಿಯವರು ಬಂದು ಸ್ಟೇರಿಂಗ್ ಮುಂದೆ ಕೂತರು. ಗಾಡಿ ಹೊರಟಿತು. ಕಾಂಪೌಂಡ್ ಗೋಡೆ ಬಂತು. ಛತ್ರಿಯ ಮನುಷ್ಯ ಬಂದರು. ಹತ್ತು ಮಾರು ದಾಟುವಷ್ಟರಲ್ಲಿ ಛತ್ರಿಯ ಮನುಷ್ಯ ಮತ್ತೆ ಬಂದರು. ಆಮೇಲೆ ಮತ್ತೆ. ಗೋಡೆ ಎಷ್ಟು ಉದ್ದವಿದ್ದರೂ ಆಟ ಒಂದೇ ಚಿತ್ರವನ್ನು ಸಾಲಾಗಿ ಅಂಟಿಸುತ್ತಾ ಹೋಗುತ್ತದೆ. ಅದಲ್ಲದೆ ಆ ಊರಿನ ಎಲ್ಲ ಕಾಂಪೌಂಡುಗಳಿಗೂ ಅದೇ ಗೋಡೆ. ಹಾಗಾಗಿ ಕಣ್ಣು ಹಾಯುವ ತನಕ ಛತ್ರಿ ಹಿಡಿದ ಗಂಟುಮುಖದವರ ಸೈನ್ಯ. ಹಿಂಡಿ ಹಿಗ್ಗಿಸಿದ ಗಡಿಬಿಡಿಯಲ್ಲಿ ಎಲ್ಲರೂ ಒಂದಿಷ್ಟು ದಪ್ಪಗೂ ಆಗಿದ್ದರು.

"ರೀ, ಇವರೆಲ್ಲಾ ಯಾಕೆ ನನ್ನನ್ನೇ ನೋಡ್ತಿದಾರೆ?" ಶ್ರೀಮತಿಯವರು ರಸ್ತೆ ಬಿಟ್ಟು ಗೋಡೆಯನ್ನೇ ನೋಡಿದರು. ಗಾಡಿ ನೇರ ಹೋಗಿ ಗೋಡೆಗೆ, ಅಂದರೆ ಒಬ್ಬ ಛತ್ರಿಯವರ ಹೊಟ್ಟೆಗೆ, ಧಡ್ ಎಂದು ಗುದ್ದಿತು.

"ಅಯ್ಯೋ, ಛತ್ರಿ ಮಾವನಿಗೆ ಏಟಾಯ್ತು!" ಎಂದರು ಅಮ್ಮ. ಅಂದಿನಿಂದ ಆ ಹೆಸರೇ ನಿಂತಿತು.

"ಇವರನ್ನ ಅಳಿಸಿ ಹಾಕ್ರೀ."

"ಅಳಿಸೋಕೆ ಕೂತ್ರೆ ತಿಂಗಳು ಮುಗಿಯುತ್ತೆ. ಅವರಿದ್ರೆ ನಿಂಗೇನು? ನೀನು ರಸ್ತೆ ನೋಡು."

"ಮತ್ತೆ ಈ ಅಂಗಡಿ ಬೋರ್ಡು ಓದೋಕೇ ಆಗ್ತಿಲ್ವಲ್ಲ? ಅಕ್ಷರ ಎಲ್ಲಾ ಒಂಥರಾ ಇದೆ."

ರಾಯರು ಬಗ್ಗಿ ನೋಡಿದರು. ಅವರಿಗೆ ಅಕ್ಷರಗಳು ಸ್ಫಟಿಕದಷ್ಟು ಸ್ಪಷ್ಟ! "'ಬೀಗ ಮತ್ತು ಬೀಗದ ಕೈ ರಿಪೇರಿ' ಅಂತ ಚೆನ್ನಾಗಿ ಕಾಣ್ತಿದೆಯಲ್ಲ. ಕನ್ನಡಕ ಬದಲಾಯಿಸ್ಕೋ. ಅಲ್ಲ, ನೀನು ಗಾಡಿ ಓಡಿಸೋಕೆ ಹೋಗ್ತೀಯೋ, ಬೋರ್ಡು ಓದೋಕೆ ಹೋಗ್ತೀಯೋ?"

ಶ್ರೀಮತಿಯವರು ಗಂಡನ ಮುಖವನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದರು. ಆಮೇಲೆ ಗಾಡಿ ಮುಂದಕ್ಕೆ ಬಿಟ್ಟರು.

ಅಂದಿನಿಂದ ದಿನಾ ಅಭ್ಯಾಸ. ಮೊದಮೊದಲು ಛತ್ರಿ ಮಾವನ ದೃಷ್ಟಿ ಕಂಡರೆ ಶ್ರೀಮತಿಯವರ ಎದೆ ಡವಡವ ಎನ್ನುತ್ತಿತ್ತು. ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಗುದ್ದಿದಾಗಲೆಲ್ಲ "ಸಾರಿ ಮಾವ" ಎನ್ನತೊಡಗಿದರು. ಆಮೇಲೆ ಗುದ್ದುವುದೇ ನಿಂತಿತು. "ಏನು ಮಾವ, ಇವತ್ತೂ ಬೇಜಾರಾ?" ಎಂದು ಮಾತಾಡಿಸುತ್ತಾ ಒಂದೇ ಕೈಯಲ್ಲಿ ತಿರುವು ತೆಗೆಯುವ ಮಟ್ಟಕ್ಕೆ ಬಂದರು. ಅಮ್ಮನೂ ಊಟವಾದ ಮೇಲೆ ಒಂದು ಸುತ್ತು ಹೊಡೆಯುತ್ತಿದ್ದರು. ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುತ್ತಿದ್ದವರು ಅವರೇ.

ಆದರೆ ಒಂದೇ ಒಂದು ಜಾಗದಲ್ಲಿ ಗಂಡಹೆಂಡಿರಿಗೆ ದಿನಾ ಕದನ. ಅದೇ ಬಾಣ!

ಆಟದಲ್ಲಿ ಬಾಣ ಬಲಕ್ಕೆ ತೋರಿಸುತ್ತಿತ್ತು. ಶ್ರೀಮತಿಯವರು ಅಲ್ಲಿಗೆ ಬಂದು, ಅಚ್ಚುಕಟ್ಟಾಗಿ ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗುತ್ತಿದ್ದರು.

"ಬಲಕ್ಕೇ! ಬಲಕ್ಕೆ! ಬಾಣ ಕಾಣಲ್ವಾ ನಿಂಗೆ?"

"ರೀ, ಅಲ್ಲಿ ಎಡಕ್ಕೆ ಹೋಗ್ಬೇಕು. ಆ ಬಾಣದ ಮುಂದೆ ನಿಂತು ಬೆವರು ಸುರಿಸಿದೋಳು ನಾನು. ಅದು ಎಡಕ್ಕೇ ಇದೆ."

"ನೀನು ಅವತ್ತು ಹೆದರಿ ಬಾಣಾನೂ ಉಲ್ಟಾ ನೋಡಿದೀಯ. ಫೋಟೋ ಸುಳ್ಳು ಹೇಳುತ್ತಾ? ನಾನೇ ತೆಗೆದಿದ್ದು, ಈ ಕೈಯಿಂದ!"

"ನೀವು ತೆಗೆದಿದ್ದು ಅಂತಾನೇ ಅನುಮಾನ."

ರಾಯರು ಆಕೆಯನ್ನು ಎಬ್ಬಿಸಿ, ತಾವೇ ಕೂತು ತೋರಿಸುತ್ತಿದ್ದರು. "ನೋಡು, ಹೀಗೆ. ಬಾಣ ಎತ್ತ, ಗಾಡಿ ಅತ್ತ!" ಎಂದು ಗತ್ತಿನಿಂದ ಬಲಕ್ಕೆ ತಿರುಗುತ್ತಿದ್ದರು. ದಿನಾ ತೋರಿಸಿದರು. ತೋರಿಸಿ ತೋರಿಸಿ ಅವರ ಕೈಗೆ ಆ ಬಲ ತಿರುವು ನಿದ್ದೆಯಲ್ಲಿ ಮಗ್ಗುಲು ಬದಲಿಸುವಷ್ಟು ಸಲೀಸಾಯಿತು. ಶ್ರೀಮತಿಯವರು ಮಾತ್ರ ಸೊಪ್ಪು ಹಾಕಲಿಲ್ಲ. ಪ್ರತಿಸಲವೂ ಎಡಕ್ಕೇ ಹೋದರು.

"ಇವಳು ಮೂರನೇ ಸಲಾನೂ ಫೇಲು" ಎಂದು ರಾಯರು ಅಡುಗೆಮನೆಯಲ್ಲಿ ಅಮ್ಮನ ಬಳಿ ಅಲವತ್ತುಕೊಂಡರು. "ಅಷ್ಟು ದೊಡ್ಡ ಬಾಣ ತೋರಿಸಿದ್ರೂ ಹಟ!"

"ನಿನ್ನ ಬಾಣ ನಿನ್ನ ಹತ್ರ ಇಟ್ಕೋ" ಎಂದರು ಅಮ್ಮ, ಪಾತ್ರೆ ಒರೆಸುತ್ತಾ.

ಪರೀಕ್ಷೆಯ ಮುನ್ನಾದಿನ ಕ್ಲಿನಿಕ್ಕಿನಿಂದ ಬಂದ ಶ್ರೀಮತಿಯವರ ಮುಖ ಬಾಡಿತ್ತು. "ಹಳೇ ಪರೀಕ್ಷಕರಿಗೆ ವರ್ಗ ಆಯ್ತಂತೆ. ಹೊಸಬರು ಬಂದಿದಾರಂತೆ. ಮಹಾ ಕಟ್ಟುನಿಟ್ಟು, ನಗೋದೇ ಇಲ್ವಂತೆ. ರೀ, ಅವರು ಪಕ್ಕ ಕೂತ ತಕ್ಷಣ ನನ್ನ ಕೈಕಾಲು ಮತ್ತೆ ಮರಗಟ್ಟಿದ್ರೆ?"

ಬೇಕಾದಷ್ಟು ಜಂಬ ಕೊಚ್ಚಿಕೊಂಡರೂ ಹೆಂಡತಿ ಅತ್ತರೆ ತಡೆದುಕೊಳ್ಳುವ ಶಕ್ತಿ ರಾಯರಿಗಿರಲಿಲ್ಲ. "ಏನಾಗಲ್ಲ. ನಾಳೆ ಪರೀಕ್ಷೆಗೆ ಮುಂಚೆ ಆ ರಸ್ತೇಲೇ ಒಂದು ಸುತ್ತು ಕರ್ಕೊಂಡು ಹೋಗ್ತೀನಿ. ನಾನು ಓಡಿಸೋದು ನೋಡ್ತಾ ಕೂತ್ಕೋ. ಧೈರ್ಯ ಬರುತ್ತೆ" ಎಂದರು.

ಮರುದಿನ ರಾಯರು ಗಾಡಿ ಓಡಿಸಿದರು, ಶ್ರೀಮತಿಯವರು ಪಕ್ಕದಲ್ಲಿ ಕೂತರು. ಅಂಗಡಿಗಳು ಬಂದವು, ಕರೆಂಟು ಕಂಬ ಬಂತು, ದೂರದಲ್ಲಿ ಗೋಡೆ ಕಂಡಿತು. ರಾಯರ ಕೈಗಳು ತಾವಾಗಿಯೇ ಬಲಕ್ಕೆ ಸಿದ್ಧವಾದವು.

"ರೀ, ಎಡಕ್ಕೆ."

"ಇನ್ನೂ ಅದೇ ರಾಗಾನಾ?"

"ರೀ, ಬಾಣ ನೋಡ್ರೀ! ಎಡಕ್ಕೆ!"

"ನೋಡಿದೀನಿ, ಎಷ್ಟು ಸಲ ನೋಡಿದೀನಿ! ನೀನು ನನ್ನ ನೋಡಿ ಕಲಿ. ಬಾಣ ಎತ್ತ," ಎಂದು ರಾಯರು ಸ್ಟೇರಿಂಗ್ ಬಲಕ್ಕೆ ಎಳೆದು, "ಗಾಡಿ ಅತ್ತ!" ಎಂದರು.

ಎದುರಿನಿಂದ ಒಂದು ಲಾರಿ, ಅದರ ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ಇಡೀ ಊರೇ ತಮ್ಮತ್ತ ಬರುತ್ತಿತ್ತು. ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆದರು. ರಾಯರು ಬ್ರೇಕ್ ಅದುಮಿ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಗಾಜಿನ ಮುಂದೆ ಒಂದು ಕಪ್ಪು ಛತ್ರಿ ಅಡ್ಡ ಬಂದು ನಿಂತಿತ್ತು. ಛತ್ರಿಯ ಹಿಂದಿನಿಂದ ಆ ಗಂಟುಮುಖ ಮೆಲ್ಲಗೆ ಹೊರಬಂದಿತು.

"ಇದು ಒನ್ ವೇ" ಎಂದಿತು ಮುಖ. "ಬಾಣ ಎಡಕ್ಕಿದೆ."

ರಾಯರು ತಲೆ ಹೊರಗೆ ಹಾಕಿ ಬೋರ್ಡು ನೋಡಿದರು. ಬಾಣ ಎಡಕ್ಕಿತ್ತು. ಅದರ ಪಕ್ಕದಲ್ಲಿ, ಅಷ್ಟು ದಿನ ಮನೆಯಲ್ಲಿ ಓದಿದ ಬೀಗದ ಕೈ ರಿಪೇರಿಯ ಬೋರ್ಡಿನಲ್ಲೂ 'ಬೀಗ' ಎಂಬ ಅಕ್ಷರಗಳು ಈ ತುದಿ ಬಿಟ್ಟು ಆ ತುದಿಗೆ ಹೋಗಿ ಕೂತಿದ್ದವು. ಆಗ ಅವರ ತಲೆಯೊಳಗೆ ಪ್ರೆಸ್ಸಿನ ಟಿಕ್ಕು ಮಿಂಚಿತು. ಮುಖ ಹುಳ್ಳಗಾಯಿತು.

"ನೀವು ಅವತ್ತು ಗೋಡೆ ಫೋಟೋ ತಗೊಂಡು ಹೋದವರಲ್ವಾ?" ಛತ್ರಿಯವರು ಕೈಚಾಚಿದರು. "ನಾನು ಹೊಸ ಪರೀಕ್ಷಕ. ಅವತ್ತು ರಸ್ತೆ ನೋಡ್ಕೊಳ್ಳೋಕೆ ಬಂದಿದ್ದೆ. ಲೈಸೆನ್ಸ್ ಕೊಡಿ. ಇದು ನನ್ನ ಹತ್ರ ಇರುತ್ತೆ. ನಾಳೆ ಬಂದು ನೀವೂ ಪರೀಕ್ಷೆ ಕೊಟ್ಟು ತಗೊಂಡು ಹೋಗಿ."

ರಾಯರು ಇಂಗು ತಿಂದ ಮಂಗನಂತೆ ಲೈಸೆನ್ಸ್ ತೆಗೆದುಕೊಟ್ಟರು.

"ಇವತ್ತು ಪರೀಕ್ಷೆಗೆ ಬಂದಿರೋದು ಯಾರು?"

"ನಾನು" ಎಂದರು ಶ್ರೀಮತಿಯವರು.

"ನೀವಾ? ನಾನು ಇವರು ಅಂದುಕೊಂಡೆ."

ರಾಯರು ಹಣೆ ಚಚ್ಚಿಕೊಂಡರು. ಮುಗಿಯಿತು. ತಮ್ಮಿಂದಾಗಿ ಈ ಮನುಷ್ಯನಿಗೆ ಸಿಟ್ಟು ಬಂದಾಗಿದೆ. ಆ ಸಿಟ್ಟೆಲ್ಲ ಈಗ ಹೆಂಡತಿಯ ತಲೆಗೆ. ಮೂರನೇ ಮಹಡಿಯ ಅಜ್ಜಿ ಮತ್ತೆ ಹಾಸಿಗೆಗೆ! ಅಯ್ಯೋ, ನಾನೇಕೆ ಶಾಂಪೂ ಬಾಟಲಿಯಲ್ಲೇ ಇರಬಾರದಿತ್ತು ಎಂದು ಮರುಗಿದರು.

"ಹಿಂದೆ ಒಬ್ಬರು ಕೂರಬಹುದು" ಎಂದರು ಪರೀಕ್ಷಕರು, ಛತ್ರಿ ಮಡಚುತ್ತಾ. "ಆದ್ರೆ ಹಿಂದಿನ ಸೀಟಿಂದ ಒಂದು ಮಾತು ಬಂದ್ರೂ ಮುಂದೆ ಓಡಿಸೋರು ಫೇಲು. ಗೊತ್ತಾಯ್ತಾ?"

ರಾಯರು ಹಿಂದೆ ಹೋಗಿ ಕೂತು ಬಾಯಿಗೆ ಕೈ ಅಡ್ಡ ಹಿಡಿದರು. ಪರೀಕ್ಷಕರು ಮುಂದೆ ಕೂತು, ಪ್ಯಾಡ್ ತೆಗೆದು, ಮುಖವನ್ನು ಇನ್ನೂ ಎರಡು ಗಂಟು ಬಿಗಿದರು. ಶ್ರೀಮತಿಯವರು ತಿರುಗಿ ಅವರನ್ನು ನೋಡಿದರು. ರಾಯರು ಉಸಿರು ಬಿಗಿಹಿಡಿದರು. ಈಗ ಕೈ ನಡುಗುತ್ತದೆ, ಈಗ ವೈಪರ್ ಹಾಕುತ್ತಾಳೆ!

ಶ್ರೀಮತಿಯವರ ಮುಖ ಅರಳಿತು. ತವರಿನ ಕಡೆಯವರು ಬಂದಂತೆ ಅರಳಿತು!

"ನೀವು ಛತ್ರಿ ಎಡಗೈಲಿ ಹಿಡ್ಕೊಳ್ಳೋರಲ್ವಾ?" ಎಂದರು.

"ಯಾರು ಹೇಳಿದ್ದು? ನಾನು ಯಾವಾಗಲೂ ಬಲಗೈಲೇ ಹಿಡಿಯೋದು."

"ಹಾಗಾದ್ರೆ ಸರಿ. ನಾನು ಅಂದುಕೊಂಡಿದ್ದೇ ಸರಿ" ಎಂದು ನಕ್ಕು, ಇಂಡಿಕೇಟರ್ ಹಾಕಿ ಗಾಡಿ ತೆಗೆದರು. ಏನು ನಯ, ಏನು ನಾಜೂಕು! ಗೇರು ಬೆಣ್ಣೆಯಲ್ಲಿ ಕೂದಲೆಳೆದಂತೆ ಬಿತ್ತು. ಪರೀಕ್ಷಕರು ಗುಡುಗಿದಂತೆ "ನಿಲ್ಲಿಸಿ" ಅಂದರೆ ನಿಲ್ಲಿಸಿದರು, "ಹಿಂದಕ್ಕೆ ತಗೊಳ್ಳಿ" ಅಂದರೆ ತೆಗೆದರು. ಆ ಗುಡುಗಿಗೆ ಬೆಚ್ಚಿದವರು ಹಿಂದೆ ಕೂತಿದ್ದವರು ಮಾತ್ರ. ಒಂದು ಸುತ್ತು ಮುಗಿಸಿ ಗಾಡಿ ಮತ್ತೆ ಗೋಡೆಯ ಎದುರಿಗೆ ಬಂತು. ರಾಯರ ಬಾಯಿಗೆ 'ಎಡಕ್ಕೆ' ಎಂಬ ಮಾತು ಉಕ್ಕಿ ಬಂದು ಹಲ್ಲಿನ ಹಿಂದೆ ನಿಂತಿತು. ಅದು ಹೊರಬೀಳದಂತೆ ಅವರು ತಮ್ಮ ಕರ್ಚೀಫನ್ನೇ ಕಚ್ಚಿಕೊಂಡರು. ಶ್ರೀಮತಿಯವರು ಬಾಣವನ್ನು ಒಮ್ಮೆ ನೋಡಿ, ಸಲೀಸಾಗಿ ಎಡಕ್ಕೆ ತಿರುಗಿದರು.

ಪರೀಕ್ಷಕರು ಪ್ಯಾಡಿನ ಮೇಲೆ ಏನೋ ಗೀಚಿದರು. "ಪಾಸು" ಎಂದರು. ಆಮೇಲೆ ತಡೆಯಲಾರದೆ ಕೇಳಿದರು: "ಅಲ್ಲಮ್ಮಾ, ನನ್ನ ಪಕ್ಕ ಕೂತವರೆಲ್ಲಾ ಬೆವರ್ತಾರೆ. ನಿಮಗೆ ಒಂಚೂರೂ ಭಯ ಆಗಲಿಲ್ವಲ್ಲ?"

"ನಿಮ್ಮನ್ನ ಮನೇಲಿ ದಿನಾ ನೋಡ್ತೀನಲ್ಲ ಸಾರ್" ಎಂದರು ಶ್ರೀಮತಿಯವರು. "ನಮ್ಮತ್ತೆಯಂತೂ ಊಟ ಆದ ಮೇಲೆ ನಿಮ್ಮನ್ನ ನೋಡದೆ ಮ-"

ಹಿಂದಿನ ಸೀಟಿನಿಂದ ಜೋರಾದ ಕೆಮ್ಮು ಕೇಳಿತು. ಪರೀಕ್ಷೆ ಮುಗಿದಿತ್ತಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಮನೆಗೆ ಬರುವಾಗ ಶ್ರೀಮತಿಯವರೇ ಓಡಿಸಿದರು. ದಾರಿಯುದ್ದಕ್ಕೂ ನಗುತ್ತಿದ್ದರು, ನಡುನಡುವೆ ಕಣ್ಣೊರೆಸಿಕೊಳ್ಳುತ್ತಿದ್ದರು. ರಾಯರು ಪಕ್ಕದಲ್ಲಿ ಕೂತು ಕೇಳಿದರು: "ಉಲ್ಟಾ ಇದೆ ಅಂತ ನಿಂಗೆ ಯಾವತ್ತು ಗೊತ್ತಾಯ್ತೇ?"

"ಮೊದಲನೇ ದಿನಾನೇ. ನೀವು ಬೋರ್ಡನ್ನ ಗಡಗಡ ಅಂತ ಓದಿದ್ರಲ್ಲ, ಆಗಲೇ. ನಿಮಗೆ ಸಲೀಸಾಗಿ ಓದೋಕೆ ಬಂದ್ರೆ ಅದು ಉಲ್ಟಾನೇ ಇರಬೇಕು ಅಂದ್ಕೊಂಡೆ. ನೀವು ತೋರಿಸಿದ್ದನ್ನ ತಿರುಗಿಸಿ ಅರ್ಥ ಮಾಡ್ಕೊಳ್ಳೋದು ಮದುವೆ ಆದಾಗಿಂದ ಅಭ್ಯಾಸ ಆಗಿದೆಯಲ್ಲ, ಕಷ್ಟ ಆಗಲಿಲ್ಲ."

"ನಂಗೆ ಯಾಕೆ ಹೇಳಲಿಲ್ಲ?"

"ದಿನಾ ಹೇಳಿದೆ ರೀ. ಫೋಟೋ ಸುಳ್ಳು ಹೇಳುತ್ತಾ ಅಂದ್ರಿ."

ರಾಯರು ಕಿಟಕಿಯ ಹೊರಗೆ ನೋಡತೊಡಗಿದರು. ಆದರೂ ಅವರಿಗೆ ತಮ್ಮ ಪರೀಕ್ಷೆಯ ಬಗ್ಗೆ ಎಳ್ಳಷ್ಟೂ ಅಳುಕಿರಲಿಲ್ಲ. ಇಷ್ಟು ವರ್ಷ ಗಾಡಿ ಓಡಿಸಿದವರು! ಬಾಣ ಎಡಕ್ಕೆ ಎಂದೂ ಈಗ ಗೊತ್ತಾಯಿತು. ಇನ್ನೇನು ಬೇಕು?

ಮರುದಿನ ಕಾರಿನಲ್ಲಿ ಆಸನಗಳು ಅದಲುಬದಲಾದವು. ಮುಂದೆ ರಾಯರು, ಪಕ್ಕದಲ್ಲಿ ಛತ್ರಿಯವರು, ಹಿಂದೆ ಶ್ರೀಮತಿಯವರು. ಪರೀಕ್ಷಕರು ಪ್ಯಾಡ್ ತೆಗೆದರು. ಆ ಪ್ಯಾಡಿನ ಕ್ಲಿಪ್ಪು ಟಪ್ ಎಂದ ಸದ್ದಿಗೆ ರಾಯರ ಬೆನ್ನಿನಲ್ಲಿ ತಣ್ಣನೆಯ ನೀರು ಇಳಿದಂತಾಯಿತು. ಪಕ್ಕಕ್ಕೆ ನೋಡಿದರೆ ಆ ಮುಖ. ಗೋಡೆಯ ಮೇಲಿದ್ದಾಗ ಇಷ್ಟು ಹತ್ತಿರವಿರಲಿಲ್ಲ.

"ಹೊರಡಿ" ಎಂದಿತು ಮುಖ. "ಇಂಡಿಕೇಟರ್."

ರಾಯರು ಇಂಡಿಕೇಟರ್ ಹಾಕಿದರು. ವೈಪರ್ ಕಿರ್ರೋ ಎಂದಿತು.

ಅದನ್ನು ನಿಲ್ಲಿಸಲು ಯಾವುದೋ ಕಡ್ಡಿ ಎಳೆದರು, ಇನ್ನೂ ಜೋರಾಯಿತು. ಹಾಗೆಯೇ ಗಾಜು ಒರೆಸಿಕೊಳ್ಳುತ್ತಾ ಗಾಡಿ ಗೋಡೆಯ ಮುಂದೆ ಬಂತು. ಬಾಣ ಕಂಡಿತು. ಎಡಕ್ಕಿತ್ತು. ಎಡಕ್ಕೇ ಇದೆಯೇ? ವರ್ಷಗಟ್ಟಲೆ ಉಲ್ಟಾ ಓದಿದ ಕಣ್ಣಿದು, ಇದನ್ನು ನಂಬುವುದು ಹೇಗೆ? ಎಡ ಎಂದು ಕಂಡರೆ ಬಲ ಇರಬಹುದು. ಆದರೆ ನಿನ್ನೆ ಎಡವಿತ್ತು. ನಿನ್ನೆ ನೋಡಿದ್ದೂ ಇದೇ ಕಣ್ಣಲ್ಲವೇ? ಕೈ ಬಲಕ್ಕೆ ಎಳೆಯಿತು, ಬುದ್ಧಿ ಎಡಕ್ಕೆ ಎಳೆಯಿತು. ರಾಯರು ಗಾಡಿ ನಿಲ್ಲಿಸಿದರು. ನಿಲ್ಲಿಸಿಯೇ ಬಿಟ್ಟರು.

ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಅದರ ಹಿಂದಿನದೂ ಹೊಡೆಯಿತು.

"ಏನ್ರೀ, ನಿಂತುಬಿಟ್ರಿ?" ಎಂದರು ಪರೀಕ್ಷಕರು.

"ಒಂದು ನಿಮಿಷ ಸಾರ್. ಯೋಚಿಸ್ತಿದೀನಿ."

ವೈಪರ್ ಕಿರ್ರೋ, ಕಿರ್ರೋ ಎಂದಿತು. ರಾಯರ ಹಣೆಯಿಂದ ಬೆವರು ಸ್ಟೇರಿಂಗಿನ ಮೇಲೆ ತೊಟ್ಟಿಕ್ಕಿತು. ಆಗ ಹಿಂದಿನ ಸೀಟಿನಿಂದ, ಮೆಲ್ಲಗೆ, ಬಲು ಸ್ಪಷ್ಟವಾಗಿ ಒಂದು ದನಿ ಬಂತು:

"ಬಾಣ ಎತ್ತ ಇದೆಯೋ ಗಾಡಿ ಅತ್ತ. ಇದರಲ್ಲಿ ಯೋಚಿಸೋದು ಏನಿದೆ?"

ಪರೀಕ್ಷಕರ ಪ್ಯಾಡು ಟಪ್ ಎಂದು ಮುಚ್ಚಿತು. "ಫೇಲು. ಮುಂದಿನ ತಿಂಗಳು ಬನ್ನಿ."

ರಾಯರು ತಿರುಗಿ ಹೆಂಡತಿಯನ್ನು ನೋಡಿದರು. ಶ್ರೀಮತಿಯವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಬಾಯಿತಪ್ಪಿ ಬಂದ ಮಾತೋ, ಬಹಳ ದಿನದಿಂದ ಎತ್ತಿಟ್ಟುಕೊಂಡಿದ್ದ ಮಾತೋ, ಕೇಳುವ ಧೈರ್ಯ ರಾಯರಿಗೆ ಇಂದಿಗೂ ಬಂದಿಲ್ಲ.

ಆ ಸಂಜೆ ರಾಯರು ತಾವೇ ಸ್ಟೇರಿಂಗ್ ಮುಂದೆ ಕೂತರು. ಆಟ ತೆರೆಯುವ ಮೊದಲು ಸಾಫ್ಟ್‌ವೇರ್ ತೆರೆದು, ಆ ಎಡ-ಬಲದ ಟಿಕ್ಕನ್ನು ತೆಗೆಯಲು ಕೈಹಾಕಿದರು. ಮೂರನೇ ಮಹಡಿಯ ಅಜ್ಜಿಯ ಮನೆಗೆ ಹೊರಟಿದ್ದ ಶ್ರೀಮತಿಯವರು ಕಾರಿನ ಬೀಗದ ಕೈ ತಿರುಗಿಸುತ್ತಾ ಬಾಗಿಲಲ್ಲಿ ನಿಂತರು.

"ರೀ, ಅದನ್ನ ಮುಟ್ಟಬೇಡಿ. ಹಾಗೇ ಇರಲಿ."

"ಉಲ್ಟಾ ಇದೆಯಲ್ಲೇ! ಇದರಲ್ಲಿ ಹೇಗೆ ಕಲಿಯೋದು?"

"ನಾನು ಕಲೀಲಿಲ್ವಾ?" ಎಂದು ಶ್ರೀಮತಿಯವರು ಹೊರಟರು.

ರಾಯರು ನಿಟ್ಟುಸಿರುಬಿಟ್ಟು ಆಟದ ಗಾಡಿಯನ್ನು ಮುಂದಕ್ಕೆ ಬಿಟ್ಟರು. ಗೋಡೆಯುದ್ದಕ್ಕೂ ಛತ್ರಿ ಹಿಡಿದವರೆಲ್ಲ ಅವರನ್ನೇ ದುರುಗುಟ್ಟಿ ನೋಡಿದರು. ಹೊರಗೆ ನಿಜವಾದ ಗಾಡಿ ಹೊರಟ ಸದ್ದು ಕೇಳಿತು. ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು. ನೋಡಿದರೆ, ಅಮ್ಮ ಊಟದ ತಟ್ಟೆಯನ್ನೇ ಪ್ಯಾಡಿನಂತೆ ತೊಡೆಯ ಮೇಲಿಟ್ಟುಕೊಂಡು, ಮುಖ ಗಂಟುಹಾಕಿ ಕೂತಿದ್ದರು.

"ಹೊರಡು" ಎಂದರು ಅಮ್ಮ. "ಇಂಡಿಕೇಟರ್."